ಸಿಲಿಂಡರ್ ಯಾರ ಹೆಸರಿನಲ್ಲಿದೆ?

ಮಕ್ಕಳೇ, ಈ ವಾರ ನಿಮಗೊಂದು ಸಣ್ಣ ಕೆಲಸ. ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಮನೆಯ ಗ್ಯಾಸ್ ಪುಸ್ತಕ ತೆಗೆಸಿ ನೋಡಿ. ಅದರಲ್ಲಿ ಒಂದು ಹೆಸರು, ಒಂದು ವಿಳಾಸ ಇರುತ್ತದೆ. ಆ ಹೆಸರು ನಿಮ್ಮ ಮನೆಯವರದೇ? ಆ ವಿಳಾಸ ನೀವು ಈಗ ಇರುವ ಮನೆಯದೇ? ಸ್ವಂತ ಮನೆಯವರು ಎರಡಕ್ಕೂ ತಟ್ಟನೆ ‘ಹೌದು’ ಎನ್ನುತ್ತೀರಿ. ಬಾಡಿಗೆ ಮನೆಯ ಮಕ್ಕಳು ಸ್ವಲ್ಪ ತಡವರಿಸಬಹುದು. ‘ಪುಸ್ತಕ ಓನರ್ ಹತ್ರ ಐತಿ’ ಎಂಬ ಉತ್ತರ ಬಂದರೆ ಈ ಲೇಖನವನ್ನು ಅಪ್ಪ ಅಮ್ಮನಿಗೂ ಓದಿ ಹೇಳಿ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿನ ಮೂರು ಊರುಗಳು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಂದಿತು, ನೀರಿನ ಹಿಂದೆ ಭತ್ತ, ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ಜನ. ಸಿಂಧನೂರು ಬೆಳೆದದ್ದು ಹಾಗೆ. ಲಿಂಗಸುಗೂರಿನದು ಹಳೆಯ ಛಾವಣಿ ಊರು, ಅದೇ ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ. ಮಸ್ಕಿ ತಾಲ್ಲೂಕು ಕೇಂದ್ರವಾದ ಮೇಲೆ ಅಲ್ಲಿಗೂ ಕಚೇರಿ, ನೌಕರರು ಬಂದರು. ಮಾಸ್ತರರು, ಬ್ಯಾಂಕಿನವರು, ಲಾರಿ ಚಾಲಕರು, ಹಮಾಲರು, ಮಕ್ಕಳ ಓದಿಗೆಂದು ಹಳ್ಳಿ ಬಿಟ್ಟು ಬಂದವರು, ಎಲ್ಲರಿಗೂ ಬಾಡಿಗೆ ಮನೆ ಬೇಕು. ಮನೆ ಹುಡುಕುವಾಗ ನೀರು ಎಷ್ಟು ದಿನಕ್ಕೊಮ್ಮೆ, ಕರೆಂಟ್ ಮೀಟರ್ ಬೇರೆಯೋ ಒಂದೋ, ಅಡ್ವಾನ್ಸ್ ಎಷ್ಟು ಎಂದು ಕೇಳುತ್ತೇವೆ. ‘ಸಿಲಿಂಡರ್ ಐತ್ರೀ, ನಮ್ದ ಕೊಡ್ತೀವಿ’ ಎಂದು ಮಾಲೀಕರು ಹೇಳಿದರೆ ಖುಷಿಪಡುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಯೇ.

ಮನೆಯ ಗ್ಯಾಸ್ ತೆಗೆಯುವುದು ಎಂಬ ಮಾತಿಗೆ ಬೆಂಗಳೂರಿನಲ್ಲಿ ಒಂದು ಅರ್ಥ, ನಮ್ಮಲ್ಲಿ ಇನ್ನೊಂದು. ಅಲ್ಲಿ ಕೆಲವು ಬಡಾವಣೆಗಳಿಗೆ ಗೇಲ್ ಗ್ಯಾಸ್ ಕಂಪನಿಯ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುತ್ತದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿನವರೆಗೆ ಹಾಕಿದ ದೊಡ್ಡ ಕೊಳವೆ 2013ರಲ್ಲಿ ಶುರುವಾಯಿತು. ಇನ್ನು ಕೆಲವು ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಕೆಳಗೆ ಒಂದೇ ಕಡೆ ಸಿಲಿಂಡರ್‌ಗಳ ಸಾಲು ಇಟ್ಟು ಎಲ್ಲ ಮನೆಗಳಿಗೂ ಕೊಳವೆ ಹಾಯಿಸಿರುತ್ತಾರೆ. ಅಲ್ಲಿ ಗ್ಯಾಸ್ ಕಟ್ಟಡಕ್ಕೆ ಅಂಟಿಕೊಂಡಿರುತ್ತದೆ. ಸಿಂಧನೂರಿನ ಬಾಡಿಗೆ ಮನೆಯಲ್ಲಿ ಹಾಗಲ್ಲ. ಇಲ್ಲಿ ಗ್ಯಾಸ್ ಎಂದರೆ 14.2 ಕೆ.ಜಿ.ಯ ಕೆಂಪು ಸಿಲಿಂಡರ್. ಅದು ಗೋಡೆಗೆ ಸೇರಿದ್ದಲ್ಲ, ಹೆಸರಿಗೆ ಸೇರಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಲಿಂಡರ್ ಮತ್ತು ರೆಗ್ಯುಲೇಟರ್ ಎರಡೂ ತೈಲ ಕಂಪನಿಯ ಸ್ವತ್ತು. ನಾವು ಠೇವಣಿ ಕಟ್ಟಿ ಬಳಸಲು ತರುತ್ತೇವೆ, ಅಷ್ಟೆ. ಠೇವಣಿ ಕಟ್ಟಿದ್ದಕ್ಕೆ ಏಜೆನ್ಸಿಯವರು ಸಬ್‌ಸ್ಕ್ರಿಪ್ಷನ್ ವೋಚರ್ ಎಂಬ ಕಾಗದ ಕೊಡುತ್ತಾರೆ. ಬ್ಯಾಂಕಿನಲ್ಲಿ ಠೇವಣಿ ರಸೀದಿ ಇದ್ದ ಹಾಗೆ ಅದು. ರಸೀದಿ ಯಾರ ಹೆಸರಿನಲ್ಲೋ ಹಣ ಅವರದು. ಮೂವತ್ತೈದು ವರ್ಷ ಕೌಂಟರಿನ ಆಚೆ ಕುಳಿತವನಿಗೆ ಈ ಒಂದು ವಿಷಯ ರಕ್ತಗತ. ವೋಚರ್ ಮಾಲೀಕರ ಹೆಸರಿನಲ್ಲಿದ್ದರೆ ನೀವು ಆರು ವರ್ಷ ನಿಮ್ಮ ದುಡ್ಡಿನಿಂದಲೇ ತುಂಬಿಸಿಕೊಂಡಿದ್ದರೂ ಸಂಪರ್ಕ ಅವರದೇ. ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಕಿತ್ತುಕೊಳ್ಳುವ ಅಧಿಕಾರ ಮಾಲೀಕರಿಗಿಲ್ಲ.

ನಮ್ಮ ಮಸ್ಕಿಯನ್ನೇ ನೋಡಿ. ಬೇರೆ ಕಡೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಇತ್ತು, ಯಾರು ಆ ರಾಜ ಎಂಬ ಚರ್ಚೆ ನಡೆದಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಮಸ್ಕಿಯ ಬಂಡೆಯ ಬರಹ ಸಿಕ್ಕಿತು. ಅದರಲ್ಲಿ ಅಶೋಕ ಎಂಬ ಹೆಸರೇ ಕೆತ್ತಿತ್ತು, ಚರ್ಚೆ ಮುಗಿಯಿತು. ಚಕ್ರವರ್ತಿಗೇ ಹೆಸರು ಬೇಕಾಯಿತು, ಇನ್ನು ಸಿಲಿಂಡರಿಗೆ ಬೇಡವೇ!

ಎರಡು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ನಡೆದದ್ದು ಇದು. ಮಹಡಿ ಮನೆಯಲ್ಲಿ ಒಂದು ಕುಟುಂಬ. ಗಂಡ ರೈಸ್ ಮಿಲ್ಲಿನ ಲಾರಿ ಓಡಿಸುತ್ತಿದ್ದ, ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು, ಇಬ್ಬರು ಮಕ್ಕಳು. ಕೆಳಗಿದ್ದ ಮಾಲೀಕರು ತಮ್ಮ ಎರಡನೆಯ ಸಿಲಿಂಡರನ್ನು ಇವರಿಗೆ ಕೊಟ್ಟಿದ್ದರು. ಒಳ್ಳೆಯ ಮನುಷ್ಯ. ಅವರು ತೀರಿಕೊಂಡರು. ದೂರದ ಊರಿನಲ್ಲಿದ್ದ ಮಗ ಬಂದ, ಮನೆ ಕೆಡವಿ ಅಂಗಡಿ ಮಳಿಗೆ ಕಟ್ಟುವ ವಿಚಾರ ಅವನದು. ಬಾಯಿಮಾತಿನಲ್ಲಿ ಖಾಲಿ ಮಾಡಿ ಎಂದ. ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಇವರು ಕೇಳಿದರು. ಮರುದಿನ ಆಳು ಬಂದು ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗಲೇ ಸಿಲಿಂಡರ್ ಬಿಚ್ಚಿಕೊಂಡು ಹೋದ. ‘ಹೊಸಾದು ತಂದ್ರ ಮ್ಯಾಲ ಏರಿಸಗೊಡಂಗಿಲ್ಲ’ ಎಂದೂ ಹೇಳಿ ಹೋದ.

ಆರನೆಯ ತರಗತಿಯ ಹುಡುಗಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಮನೆಗೆ ಬಂದಳು. ‘ತಾತಾ, ಅವ್ವ ಇವನ್ನ ನೋಡಬೇಕಂತ ಹೇಳ್ಯಾಳ.’ ಚೀಲದಲ್ಲಿ ಅವಧಿ ಮುಗಿದ ಒಂದು ಬಾಡಿಗೆ ಕರಾರು, ಬಾಡಿಗೆ ಕೊಟ್ಟ ಕೆಲವು ಚೀಟಿ, ಅವಳ ಅವ್ವನ ಪಾಸ್‌ಬುಕ್ಕು. ‘ಓನರ್ ಕಾಕಾ ಪೊಲೀಸ್ರನ್ನ ಕರಸ್ತಾನಂತ, ಹೌದಾ ತಾತಾ?’ ಎಂದಳು. ಬಾಡಿಗೆ ಕಟ್ಟುತ್ತಿರುವವರ ಮೇಲೆ, ಒಲೆ ಹಚ್ಚಿದ್ದಕ್ಕೆ, ಯಾವ ಪೊಲೀಸರೂ ಬರುವುದಿಲ್ಲ ಎಂದು ಹೇಳಿ ಅವಳ ಕೈಗೆ ಎರಡು ಚಕ್ಕುಲಿ ಕೊಟ್ಟೆ. ಆಮೇಲೆ ಕಾಗದಗಳನ್ನು ಬಿಡಿಸಿ ಕುಳಿತೆ.

ಒಂದು ಮಾತು ಮಾಲೀಕನ ಪರವಾಗಿ ಹೇಳಲೇಬೇಕು. ಸಿಲಿಂಡರ್ ಅವನ ತಂದೆಯ ಹೆಸರಿನಲ್ಲಿತ್ತು. ಅದನ್ನು ವಾಪಸ್ ಕೇಳುವುದರಲ್ಲಿ ತಪ್ಪಿಲ್ಲ. ಹಾಗೆ ನೋಡಿದರೆ ತೀರಿಹೋದವರ ಹೆಸರಿನಲ್ಲಿ ತುಂಬಿಸುತ್ತಾ ಹೋಗುವುದು ಮಗನಿಗೂ ಸಲ್ಲದು. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಕೊಟ್ಟು ಹೆಸರು ಬದಲಿಸಬೇಕು. ನಮ್ಮ ಓದುಗರಲ್ಲಿ ಮನೆ ಬಾಡಿಗೆಗೆ ಕೊಟ್ಟ ಅಜ್ಜ ಅಜ್ಜಿಯರೂ ಬಹಳ ಇದ್ದೀರಿ. ಪ್ರೀತಿಯಿಂದಲೇ ಆದರೂ ನಿಮ್ಮ ಸಂಪರ್ಕವನ್ನು ಬಾಡಿಗೆದಾರರಿಗೆ ಕೊಡಬೇಡಿ. ತೈಲ ಕಂಪನಿಗಳು ಮಾಡಿಸಿರುವ ವಿಮೆಯಲ್ಲಿ ಸ್ಫೋಟದಿಂದಾದ ಆಸ್ತಿ ನಷ್ಟಕ್ಕೆ ಪರಿಹಾರ ಸಿಗುವುದು ನೋಂದಾಯಿತ ವಿಳಾಸದಲ್ಲಿ ಅವಘಡವಾದರೆ. ಕೆಳಮನೆಯ ವಿಳಾಸದ ಸಿಲಿಂಡರ್ ಮಹಡಿಯಲ್ಲಿ ಸಿಡಿದರೆ ಕಾಗದ ಹಿಡಿದು ಅಲೆಯುವವರು ಯಾರು?

ಆದರೆ ‘ಹೊಸದನ್ನು ಏರಿಸಗೊಡುವುದಿಲ್ಲ’ ಎಂಬ ಮಾತು ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇಂದಿಗೂ ಜೀವಂತವಾಗಿದೆ. ಬಾಡಿಗೆ ಕೊಡುತ್ತಾ ಕರಾರಿನಂತೆ ನಡೆದುಕೊಳ್ಳುವವನು ಆ ಮನೆಯನ್ನು ಅಡ್ಡಿಯಿಲ್ಲದೆ ಬಳಸಬಹುದು ಎನ್ನುತ್ತದೆ ಅದು. ವಾಸಕ್ಕೆಂದು ಕೊಟ್ಟ ಮನೆಯಲ್ಲಿ ಅಡುಗೆ ಮಾಡುವುದು ವಾಸದ ಭಾಗವಲ್ಲದೆ ಇನ್ನೇನು? ಮನೆಯೊಳಗೆ ಸಿಲಿಂಡರ್ ಇಡುವುದಿಲ್ಲ ಎಂದು ಮೊದಲೇ ಕರಾರಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದರೆ ಆ ಮಾತು ಬೇರೆ. ಆರು ವರ್ಷ ಗ್ಯಾಸಿನಲ್ಲಿ ಅಡುಗೆ ನಡೆದ ಮನೆಯಲ್ಲಿ, ಖಾಲಿ ಮಾಡಿಸುವುದಕ್ಕಾಗಿಯೇ ಹೊಸ ನಿಯಮ ಹುಟ್ಟಿಸುವುದು ನ್ಯಾಯವಲ್ಲ.

ಮಾಲೀಕರಿಗೆ ಮನೆ ಬೇಕಿದ್ದರೆ ದಾರಿ ಇದೆ. ತಿಂಗಳ ಬಾಡಿಗೆಯ ಮನೆಗೆ, ಬೇರೆ ಕರಾರು ಇಲ್ಲದಿದ್ದರೆ, ಅದೇ ಕಾಯ್ದೆಯಂತೆ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಆಮೇಲೂ ಬಾಡಿಗೆದಾರ ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು. ಬೀಗ ಒಡೆದು ಹೊರಗೆ ಹಾಕುವಂತಿಲ್ಲ. ಹಾಗೇನಾದರೂ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಂತೆ ಆರು ತಿಂಗಳೊಳಗೆ ದಾವೆ ಹೂಡಿ ಮನೆಯೊಳಗೆ ಮರಳಬಹುದು. ಹಾಗೆಂದು ಬಾಡಿಗೆ ಮನೆಯಲ್ಲಿ ಶಾಶ್ವತವಾಗಿ ಕೂರುವ ಹಕ್ಕೇನೂ ನಮಗಿಲ್ಲ. ನೋಟಿಸಿನ ಅವಧಿ ಸಿಗುತ್ತದೆ, ಆ ಅವಧಿಯಲ್ಲಿ ನೀರು, ದೀಪ, ಒಲೆ ಇರಬೇಕು. ಅಷ್ಟು ಮಾತ್ರ.

‘ಬಾಡಿಗೆದಾರರಿಗೆ ಬೇರೆ ಕಾಯ್ದೆ ಇತ್ತಲ್ಲ?’ ಎಂದು ನನ್ನ ವಾರಿಗೆಯವರು ಕೇಳಬಹುದು. ಇತ್ತು, ಇದೆ. ನಮ್ಮ ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದು ಹೋಗಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು, ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಸಕಾರಣವಿಲ್ಲದೆ ನೀರು, ವಿದ್ಯುತ್, ಮೆಟ್ಟಿಲ ದೀಪದಂಥ ಅಗತ್ಯ ಸೌಕರ್ಯ ಕತ್ತರಿಸಬಾರದು ಎಂಬ ಮಾತು ಅದರಲ್ಲಿದೆ. ಆದರೆ ಬಾಡಿಗೆಗೆ ಮಿತಿ ಹಾಕಿದ್ದಾರೆ: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ. ಅದನ್ನು ಮೀರಿದ ಮನೆಗೆ ಆ ಕಾಯ್ದೆಯ ರಕ್ಷಣೆ ಇಲ್ಲ. ಇವತ್ತು ಸಿಂಧನೂರಿನಲ್ಲಿ ಎರಡು ಸಾವಿರಕ್ಕೆ ಎಂಥ ಮನೆ ಸಿಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿತು. ಮಾಲೀಕರು ತಡೆಯಬಾರದ ಅಗತ್ಯ ಸೇವೆಗಳ ಪಟ್ಟಿಯಲ್ಲಿ ಅದು ನೀರು, ವಿದ್ಯುತ್ತಿನ ಜೊತೆಗೆ ಕೊಳವೆ ಮೂಲಕ ಬರುವ ಅಡುಗೆ ಅನಿಲವನ್ನೂ ಹೆಸರಿಸಿ ಹೇಳುತ್ತದೆ. ತಡೆದರೆ ಬಾಡಿಗೆ ಪ್ರಾಧಿಕಾರ ತಕ್ಷಣ ಮರಳಿ ಕೊಡಿಸಬಹುದು, ಎರಡು ತಿಂಗಳ ಬಾಡಿಗೆಯವರೆಗೆ ಪರಿಹಾರ ಕೊಡಿಸಬಹುದು. ಆದರೆ ಅದು ಮಾದರಿ ಮಾತ್ರ. ರಾಜ್ಯವೊಂದು ತನ್ನದಾಗಿ ಕಾನೂನು ಮಾಡಿಕೊಂಡರಷ್ಟೇ ಅಲ್ಲಿ ಅದಕ್ಕೆ ಬಲ. ಪತ್ರಿಕೆಯಲ್ಲಿ ಓದಿದೆ ಎಂದು ಅದನ್ನು ಹಿಡಿದು ಮಾಲೀಕರ ಬಾಗಿಲಿಗೆ ಜಗಳಕ್ಕೆ ಹೋಗಬೇಡಿ.

ಹುಡುಗಿಯ ಮನೆಯ ಕಥೆಗೆ ಬರುತ್ತೇನೆ. ಅವಳ ಅವ್ವನ ಹೆಸರಿನಲ್ಲಿ ಹೊಸ ಸಂಪರ್ಕ ಪಡೆಯುವುದೆಂದು ತೀರ್ಮಾನವಾಯಿತು. ಏಜೆನ್ಸಿಯಲ್ಲಿ ಕುಳಿತಿದ್ದ ಹುಡುಗ ‘ಓನರ್ ಸಹಿ ಮಾಡಿಸ್ಕೊಂಡ್ ಬರ್ರಿ’ ಎಂದು ವಾಪಸ್ ಕಳಿಸಿದ. ವಿಳಾಸದ ಪುರಾವೆಗೆ ಮಾಲೀಕರ ಸಹಿಯೇ ಬೇಕೆಂದಿಲ್ಲ. ಬಾಡಿಗೆ ಕರಾರು ಒಂದು ಪುರಾವೆ ಮಾತ್ರ. ಮತದಾರರ ಚೀಟಿ, ಪಡಿತರ ಚೀಟಿ, ಜೀವವಿಮೆ ಪಾಲಿಸಿ, ಬ್ಯಾಂಕಿನ ಲೆಕ್ಕಪಟ್ಟಿ, ಗೆಜೆಟೆಡ್ ಅಧಿಕಾರಿ ದೃಢೀಕರಿಸಿದ ಸ್ವಯಂ ಘೋಷಣೆ, ಇವೂ ನಡೆಯುತ್ತವೆ. ಅವಳ ಪಾಸ್‌ಬುಕ್ಕಿನಲ್ಲಿ ಹಳ್ಳಿಯ ವಿಳಾಸವಿತ್ತು. ಮೊದಲು ಬ್ಯಾಂಕಿನಲ್ಲಿ ಅದನ್ನು ಸರಿಪಡಿಸಿಕೊಂಡು, ಮುದ್ರೆ ಹಾಕಿದ ಲೆಕ್ಕಪಟ್ಟಿ ಹಿಡಿದು ಮತ್ತೆ ಏಜೆನ್ಸಿಗೆ ಹೋದಳು. ಈ ಸಲ ಅರ್ಜಿ ತೆಗೆದುಕೊಂಡರು. ಸಿಲಿಂಡರಿಗೆ 2,200, ರೆಗ್ಯುಲೇಟರಿಗೆ 250 ರೂಪಾಯಿ ಠೇವಣಿ. 2022ರ ಜೂನ್‌ಗೆ ಮೊದಲು ಇವು 1,450 ಮತ್ತು 150 ಇದ್ದವು. ಹೊಲಿಗೆ ದುಡ್ಡಿನ ಡಬ್ಬಿ ಬರಿದಾಯಿತು.

ಆ ನಡುವಿನ ದಿನಗಳಲ್ಲಿ ಮನೆಯ ಒಲೆ ಹೊತ್ತಿಸಿದ್ದು 5 ಕೆ.ಜಿ.ಯ ಪುಟ್ಟ ಸಿಲಿಂಡರ್. ಅದನ್ನು ಕೊಳ್ಳಲು ವಿಳಾಸದ ಪುರಾವೆ ಬೇಕಿಲ್ಲ, ಗುರುತಿನ ಚೀಟಿ ಒಂದಿದ್ದರೆ ಸಾಕು. ಊರು ಬಿಟ್ಟು ದುಡಿಯಲು ಬಂದವರಿಗೆಂದೇ ಇಂಥ ಸಿಲಿಂಡರನ್ನು ಪೆಟ್ರೋಲ್ ಬಂಕಿನಲ್ಲಿ ಮಾರುವ ಯೋಜನೆ 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಆಗ ಪೆಟ್ರೋಲಿಯಂ ಸಚಿವರಾಗಿದ್ದವರು ನಮ್ಮವರೇ ಆದ ವೀರಪ್ಪ ಮೊಯ್ಲಿ. ತುಂಬಿಸಲು ಕೆ.ಜಿ. ಲೆಕ್ಕದಲ್ಲಿ ದುಬಾರಿ, ನಿಜ. ಆದರೆ ರಾತ್ರಿ ಅನ್ನಕ್ಕೆ ಅದೇ ಆಧಾರ. ಬಡ ಕುಟುಂಬದ ಹೆಣ್ಣುಮಕ್ಕಳಿಗೆ ಉಜ್ವಲಾ ಯೋಜನೆಯೂ ಇದೆ. 2021ರ ಆಗಸ್ಟ್‌ನಲ್ಲಿ ಶುರುವಾದ ಅದರ ಎರಡನೆಯ ಹಂತದಲ್ಲಿ ವಲಸೆ ಬಂದವರು ವಿಳಾಸಕ್ಕೆ ಸ್ವಯಂ ಘೋಷಣೆ ಕೊಟ್ಟರೆ ಸಾಕು ಎಂದು ಮಾಡಿದರು. ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಏಜೆನ್ಸಿಯಲ್ಲಿ ಕೇಳಿ ನೋಡಿ.

ಮಾಲೀಕನ ಜೊತೆ ಓಣಿಯ ಇಬ್ಬರು ಹಿರಿಯರು ಕುಳಿತು ಮಾತಾಡಿದರು. ‘ನೋಡಪಾ, ನಿಮ್ಮಪ್ಪ ಇಂಥಾ ಕೆಲಸ ಮಾಡ್ತಿದ್ದಿಲ್ಲ. ನಿನಗ ಮನಿ ಬೇಕಂದ್ರ ಬರದು ಕೊಡು, ಅವರು ದಿನಾ ಹೇಳ್ತಾರ’ ಎಂದರು. ಅವನು ಬರೆದು ಕೊಟ್ಟ. ಪರೀಕ್ಷೆ ಮುಗಿದ ವಾರದಲ್ಲಿ ಇವರು ಖಾಲಿ ಮಾಡಿದರು. ಅಡ್ವಾನ್ಸಿನಲ್ಲಿ ಬಣ್ಣದ ಖರ್ಚೆಂದು ಸ್ವಲ್ಪ ಹಿಡಿದುಕೊಂಡ, ಆ ಜಗಳಕ್ಕೆ ಇವರು ಹೋಗಲಿಲ್ಲ. ಹೋಗಬಹುದಿತ್ತು ಎಂದೇ ನನ್ನ ಅಭಿಪ್ರಾಯ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ದೂರವಾಣಿ 15100. ನ್ಯಾಯಾಲಯದ ಆವರಣ ಎಂದರೆ ನಮ್ಮ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ.

ಕೆಲವು ಮಾಲೀಕರು ಜಾಣತನದ ಇನ್ನೊಂದು ಮಾತು ಹೇಳುತ್ತಾರೆ: ‘ಗ್ಯಾಸ್ ಬ್ಯಾಡ, ಕರೆಂಟಿನ ಒಲಿ ಇಟ್ಕೋರಿ, ಹೆಂಗೂ ಗೃಹಜ್ಯೋತಿ ಫ್ರೀ ಐತಿ.’ ಮಕ್ಕಳೇ, ಲೆಕ್ಕ ಹಾಕೋಣ. 1,500 ವಾಟ್‌ನ ಒಲೆ ದಿನಕ್ಕೆ ಎರಡು ಗಂಟೆ ಉರಿದರೆ 3 ಯೂನಿಟ್, ತಿಂಗಳಿಗೆ 90. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದಲ್ಲ. ಆ ಮೀಟರಿನ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚಿಗೆ ಬಿಡುತ್ತಾರೆ, ಅದನ್ನು ಮೀರಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. 60 ಯೂನಿಟ್ ಬಳಸುತ್ತಿದ್ದ ಮನೆ 150ಕ್ಕೆ ಏರಿದರೆ ಜೆಸ್ಕಾಂ ಬಿಲ್ಲು ಬಂದೇ ಬರುತ್ತದೆ. ಮೇಲಾಗಿ ಜೋಳದ ರೊಟ್ಟಿ! ತಟ್ಟಿದ ರೊಟ್ಟಿಯನ್ನು ಹಂಚಿನಿಂದ ಎತ್ತಿ ಉರಿಗೆ ಹಿಡಿದರಲ್ಲವೇ ಅದು ಉಬ್ಬುವುದು? ನಮ್ಮ ಮನೆಯವಳ ತಳ ಬಾಗಿದ ಹಳೆಯ ಹಂಚು ಇಂಡಕ್ಷನ್ ಒಲೆಯ ಮೇಲೆ ಕೂರುವುದೇ ಇಲ್ಲ. ಅಂದಹಾಗೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಮನೆ ಬದಲಿಸಿದಾಗ ಹಳೆಯ ಮೀಟರಿನಿಂದ ಹೆಸರು ತೆಗೆಸಿ ಹೊಸದಕ್ಕೆ ಜೋಡಿಸಿಕೊಳ್ಳಬೇಕು.

ಕರೆಂಟನ್ನೇ ಕತ್ತರಿಸಿದರೆ? ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ವಿದ್ಯುತ್ ಮೂಲ ಸೌಕರ್ಯ, ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ. ಅರ್ಜಿದಾರರು ಆ ಮನೆಯಲ್ಲಿ ವಾಸವಿದ್ದಾರೆಯೇ ಎಂದು ನೋಡಿದರೆ ಸಾಕು.

ಜಗತ್ತಿನ ಇನ್ನೊಂದು ತುದಿಯಲ್ಲಿ ಇಡೀ ದೇಶವೇ ಮನೆಗಳಿಂದ ಗ್ಯಾಸ್ ತೆಗೆಯಲು ಹೊರಟಿದೆ. ನೆದರ್ಲೆಂಡ್ಸ್‌ನಲ್ಲಿ, ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರೂ ಹೋಗಿ ಬಾಡಿಗೆಗೆ ಇರುವ ದೇಶದಲ್ಲಿ, ಗ್ರೋನಿಂಗನ್ ಎಂಬಲ್ಲಿ ಭಾರೀ ಅನಿಲ ನಿಕ್ಷೇಪ ಇತ್ತು. ಅನಿಲ ತೆಗೆದು ತೆಗೆದು ಭೂಮಿ ನಡುಗತೊಡಗಿತು, ಮನೆಗಳ ಗೋಡೆ ಬಿರಿದವು. 2023ರ ಅಕ್ಟೋಬರ್ 1ರಿಂದ ಅಲ್ಲಿ ಅನಿಲ ತೆಗೆಯುವುದನ್ನು ನಿಲ್ಲಿಸಿದರು. ಅದಕ್ಕೂ ಮೊದಲೇ, 2018ರ ಜುಲೈಯಿಂದ, ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವುದನ್ನು ಬಿಟ್ಟಿದ್ದರು. ಹಳೆಯ ಬಾಡಿಗೆ ವಠಾರಗಳಲ್ಲಿ ಏನು ಮಾಡುತ್ತಾರೆ? ಹತ್ತು ಅಥವಾ ಹೆಚ್ಚು ಮನೆಗಳ ಕಟ್ಟಡವನ್ನು ನವೀಕರಿಸಬೇಕಾದರೆ ಮಾಲೀಕರು ಲಿಖಿತ ಪ್ರಸ್ತಾವ ಕೊಡಬೇಕು. 100ರಲ್ಲಿ 70 ಬಾಡಿಗೆದಾರರು ಒಪ್ಪಿದರೆ ಅದು ನ್ಯಾಯವಾದದ್ದೆಂದು ಕಾನೂನು ಭಾವಿಸುತ್ತದೆ. ಒಪ್ಪದವರಿಗೆ ಎಂಟು ವಾರದೊಳಗೆ ನ್ಯಾಯಾಧೀಶರ ಬಳಿ ಹೋಗಲು ಅವಕಾಶ. ನನಗೆ ಇದರಲ್ಲಿ ಹಿಡಿಸಿದ್ದು ಮೊದಲು ಕೇಳಿ ಆಮೇಲೆ ಕೊಳವೆ ತೆಗೆಯುವ ಕ್ರಮ. ಬೆಂಗಳೂರಿನಲ್ಲಿ ಮಕ್ಕಳ ಮನೆಯಲ್ಲಿರುವ ಅಜ್ಜ ಅಜ್ಜಿಯರೂ ಇದನ್ನು ಗಮನಿಸಬಹುದು. ಅಪಾರ್ಟ್‌ಮೆಂಟಿನ ಸಂಘ ಸಿಲಿಂಡರ್ ಸಾಲು ತೆಗೆದು ಕೊಳವೆ ಅನಿಲಕ್ಕೆ ಬದಲಾಗುವಾಗ ಒಲೆಯ ಜೆಟ್ ಬದಲಿಸಬೇಕಾಗುತ್ತದೆ. ಅದರ ಖರ್ಚು ಯಾರದು, ಮೀಟರು ಯಾರ ಹೆಸರಿಗೆ ಎಂದು ಮೊದಲೇ ಬರೆಸಿಕೊಳ್ಳಲಿ.

ಕರಾರು ಪತ್ರವನ್ನು 11 ತಿಂಗಳಿಗೆ ಏಕೆ ಬರೆಯುತ್ತಾರೆ ಗೊತ್ತೇ? ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಬೇಕು, ಆ ಖರ್ಚು ತಪ್ಪಿಸಲು. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸದು ಬರೆಸಲು ಎಲ್ಲರಿಗೂ ಆಲಸ್ಯ. ಅದರಲ್ಲಿ ಒಂದು ಸಾಲು ಸೇರಿಸಿ: ‘ಬಾಡಿಗೆದಾರರು ತಮ್ಮ ಹೆಸರಿನ ಅಡುಗೆ ಅನಿಲ ಸಂಪರ್ಕ ಬಳಸಬಹುದು.’ ಬಾಡಿಗೆಯನ್ನು ಕೈಯಲ್ಲಿ ಕೊಡುವ ಬದಲು ಬ್ಯಾಂಕಿನ ಮೂಲಕ ಕಳಿಸಿದರೆ ಪಾಸ್‌ಬುಕ್ಕೇ ರಸೀದಿ. ಸಿಲಿಂಡರನ್ನು ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಮಾಲೀಕರು ಇದರ ಬಗ್ಗೆ ಕೇಳಿದರೆ ಸಿಟ್ಟಾಗಬೇಡಿ, ಅದು ಅವರ ಹಕ್ಕು. ಸೋರಿಕೆಯ ವಾಸನೆ ಬಂದರೆ 1906ಕ್ಕೆ ಕರೆ ಮಾಡಿ.

ಮನೆ ಬಿಡುವಾಗ ಮುಂದಿನ ಬಾಡಿಗೆದಾರರಿಗೆ ಸಿಲಿಂಡರ್ ಬಿಟ್ಟು ಹೋಗಬೇಡಿ. ಊರಿನೊಳಗೇ ಮನೆ ಬದಲಿಸಿದರೆ ಏಜೆನ್ಸಿಯಲ್ಲಿ ವಿಳಾಸ ಬದಲಿಸಿಕೊಳ್ಳಿ. ದೂರದ ಊರಿಗೆ ವರ್ಗವಾದರೆ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಒಪ್ಪಿಸಿ, ವೋಚರಿನಲ್ಲಿ ಬರೆದ ಠೇವಣಿ ವಾಪಸ್ ಪಡೆದು, ಅವರು ಕೊಡುವ ವರ್ಗಾವಣೆ ಕಾಗದವನ್ನು ಹೊಸ ಊರಿನ ಏಜೆನ್ಸಿಗೆ ಒಯ್ಯಿರಿ. ಒಲೆ ನಿಮ್ಮ ಸ್ವಂತದ್ದು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಸಾಮಾನಿನ ಗಾಡಿಗೆ ಹಾಕಿ.